ಮಾಬೂಸಾಬರ ಒಂಟಿ ಚಪ್ಪಲಿ

ಆ ಕೆಲವು ವಾರ ಅಣ್ಣಿಗೇರಿಯ ಸಂತೆ ಬೀದಿಯಲ್ಲಿ ಟೇಲರ್ ಮಾಬೂಸಾಬರನ್ನು ಗುರುತಿಸಲು ಮುಖ ನೋಡಬೇಕಿರಲಿಲ್ಲ. ಬಲಗಾಲಲ್ಲಿ ಚಪ್ಪಲಿ, ಎಡಗಾಲು ಬರಿದು. ಎಡಗಾಲಿನದು ಅಂಗಡಿಯಲ್ಲೇ, ಮಗಳು ಶಮೀಮಳ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಭದ್ರವಾಗಿರುತ್ತಿತ್ತು.

ಅವರು ಕತ್ತರಿ ಇಟ್ಟರೆ ಅಳತೆ ತಪ್ಪುತ್ತಿರಲಿಲ್ಲ. ಮುಗಿಸುವುದೊಂದೇ ಆಗುತ್ತಿರಲಿಲ್ಲ. ಅಂಗಿಗೆ ಒಂದು ತೋಳು ಕೂಡಿಸುವಷ್ಟರಲ್ಲಿ ಬೀದಿಯಲ್ಲಿ ಯಾರದೋ ಟ್ರ್ಯಾಕ್ಟರ್ ಪಂಕ್ಚರ್ ಆಗಿರುತ್ತಿತ್ತು. ಜಾಕ್ ಹಚ್ಚುವವರಿಗೆ ಸಲಹೆ ಕೊಡಲು ಇವರು ಎದ್ದು ಹೋಗುತ್ತಿದ್ದರು. ಮರಳಿ ಬಂದಾಗ ಆ ಅಂಗಿ ಮೊಳೆಗೆ ಏರಿ, ಬೇರೊಬ್ಬರ ಪ್ಯಾಂಟ್ ಕೈಗೆ ಬರುತ್ತಿತ್ತು. ಗೋಡೆಯಲ್ಲಿ ಹದಿನಾಲ್ಕು ಮೊಳೆಗಳಿದ್ದವು, ಊರಿನ ಪತ್ರಿಕಾ ವರದಿಗಾರನಾದ ನಾನೇ ಎಣಿಸಿದ್ದೇನೆ. ಒಂದರಲ್ಲಿ ಕಾಲರ್ ಇಲ್ಲದ್ದು, ಇನ್ನೊಂದರಲ್ಲಿ ಕಾಜಾ ಇಲ್ಲದ್ದು. ಕೇಳಿದವರಿಗೆಲ್ಲ ಒಂದೇ ಉತ್ತರ: “ಆಗೇತ್ರಿ. ಬರೇ ಮುಗಸೋದು ಉಳದೈತಿ.”

ಗಿರಾಕಿಗಳು ರೆಡಿಮೇಡ್ ಅಂಗಡಿಗಳತ್ತ ತಿರುಗತೊಡಗಿದಾಗ ಶಮೀಮ ಶರತ್ತು ಹಾಕಿದಳು. ರಂಜಾನ್ ಹಬ್ಬದೊಳಗೆ ಒಪ್ಪಿಕೊಂಡ ಬಟ್ಟೆಯೆಲ್ಲ ಮುಗಿಯಬೇಕು. ಒಂದು ಉಳಿದರೂ ಅಂಗಡಿಯ ಕೀಲಿ ಅವಳ ಕೈಗೆ. ಮೂವತ್ತು ವರ್ಷ ಸೊಂಟದಲ್ಲಿದ್ದ ಕೀಲಿ ಅದು. ಅಂದು ಮಾಬೂಸಾಬರು ಚಹಾ ಅರ್ಧಕ್ಕೇ ಬಿಟ್ಟರು. ಪೂರ್ತಿ ಕುಡಿದದ್ದನ್ನು ನಾನು ಮೊದಲೂ ಕಂಡಿರಲಿಲ್ಲ, ಆ ಮಾತು ಬೇರೆ.

ಮರುದಿನ ಶಮೀಮ ಹದಿಮೂರು ಮೊಳೆ ಕಿತ್ತಳು. ಒಂದು ಮೊಳೆ, ಒಂದು ಬಟ್ಟೆ. ಚಪ್ಪಲಿಯ ಉಪಾಯ ಮಾತ್ರ ಮಾಬೂಸಾಬರದೇ. “ನನ್ನ ಕಾಲು ನನ್ನ ಮಾತ ಕೇಳೂದಿಲ್ಲ. ಒಂದು ಚಪ್ಲಿ ನೀ ಇಟ್ಗೋ ಬೇಟಾ, ಅಂಗಿ ಮುಗದಮ್ಯಾಲೆ ಕೊಡು” ಎಂದರಂತೆ. ಮೊದಲ ವಾರ ಒಂಟಿ ಚಪ್ಪಲಿಯಲ್ಲೇ ಕುಂಟುತ್ತ ಊರು ಸುತ್ತಿದರು, ಎಡಗಾಲಿಗೆ ಬೊಬ್ಬೆ ಬರುವ ತನಕ.

ಎರಡನೇ ವಾರ ನಾನು ಅಂಗಿಯ ಟ್ರಯಲ್ ನೋಡಲು ಹೋದೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟಿದ್ದೆ. ಅಂಗಿ ತೊಡಿಸಿ, ಪಿನ್ನು ಚುಚ್ಚಿ, ನೂಲು ತರುತ್ತೇನೆಂದು ಹೋದವರು ಒಂದು ತಾಸಾದರೂ ಬರಲಿಲ್ಲ. ಶಮೀಮ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಬಾಗಿಲಿಗೆ ಬಂದು ನೋಡಿದರೆ ನನ್ನ ಎಡ ಚಪ್ಪಲಿ ಇಲ್ಲ. ಅವರಿಗೆ ಬೇಕಾದದ್ದು ಅದೊಂದೇ, ಬಲದ್ದನ್ನು ಮುಟ್ಟಿರಲಿಲ್ಲ. ಒಂದೇ ತೋಳಿನ ಅಂಗಿ, ಒಂದೇ ಚಪ್ಪಲಿಯಲ್ಲಿ ಸಂತೆ ದಾಟಿ ಹೋದೆ. ಎತ್ತಿನ ವ್ಯಾಪಾರ ನಡೆದ ಕಡೆ, ನನ್ನ ಚಪ್ಪಲಿ ಮೆಟ್ಟಿದ ಮಾಬೂಸಾಬರು ಯಾರದೋ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ನನ್ನ ಕಾಲು ನೋಡಿ ಮರುಗಿದರು.

“ಏನ್ರಿ ಪೇಪರ್ ಸಾಹೇಬ್ರ, ನಿಮ್ಮ ಚಪ್ಲಿನೂ ಶಮೀಮ ಇಟ್ಗೊಂಡ್ಲೇನು?”

ಮರುದಿನ ಅಂಗಡಿಗೆ ಫಲಕ ಬಂತು: ‘ಚಪ್ಪಲಿ ಹಾಕಿಕೊಂಡೇ ಒಳಗೆ ಬರಬೇಕು.’ ಊರಲ್ಲಿ ಅಂಥ ಫಲಕ ಅದೊಂದೇ.

ದಾರಿ ಮುಚ್ಚಿದ ಮೇಲೆ ಅವರು ಕುಳಿತರು. ದಿನ ಕಳೆದಂತೆ ತೋಳು ಮುಗಿದ ಕೈ ತಾನಾಗಿ ಕಾಜಾಕ್ಕೆ, ಕಾಜಾದಿಂದ ಗುಂಡಿಗೆ ಹೋಗತೊಡಗಿತು. ಟ್ರ್ಯಾಕ್ಟರ್ ನಿಂತ ಸದ್ದಿಗೆ ಕತ್ತು ಮಾತ್ರ ಹೊರಳುತ್ತಿತ್ತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನದೊಳಗೆ ಎಲ್ಲರ ಬಟ್ಟೆಯೂ ಹೋಯಿತು. ಮೊಳೆಯಲ್ಲಿ ಉಳಿದದ್ದು ಮಾಬೂಸಾಬರದೇ ಬಿಳಿ ಜುಬ್ಬಾ, ಎಡದೋಳಿಲ್ಲದ್ದು. ಸ್ವಂತದ್ದು ಲೆಕ್ಕಕ್ಕಿಲ್ಲ ಎಂದಳು ಶಮೀಮ.

“ನನಗ ನಾನ ಒಪ್ಪಕೊಂಡಿದ್ನಲ್ಲ. ಶರತ್ತಂದ್ರ ಶರತ್ತು” ಎಂದು ಸೊಂಟದ ಕೀಲಿ ಬಿಚ್ಚಿ ಅವಳ ಅಂಗೈಯಲ್ಲಿಟ್ಟರು. ಕತ್ತರಿಸಿಟ್ಟ ತೋಳು ಮೇಜಿನ ಮೇಲೇ ಇತ್ತು. ಹತ್ತು ನಿಮಿಷದ ಕೆಲಸ. ಇಡೀ ಮಧ್ಯಾಹ್ನ ಅವರ ಕೈಯಲ್ಲಿತ್ತು. ಅವರು ಡ್ರಾಯರಿನಿಂದ ಚಪ್ಪಲಿ ತೆಗೆದು, ಎರಡೂ ಕಾಲಿಗೆ ಹಾಕಿಕೊಂಡು ಬೀದಿಗಿಳಿದರು.

ಹೋದ ಚಳಿಗಾಲದಲ್ಲಿ ಮಾಬೂಸಾಬರು ತೀರಿಕೊಂಡರು. ಮೊನ್ನೆ ಅಂಗಿ ಹೊಲಿಸಲು ಹೋದಾಗ ಜುಬ್ಬಾ ಆ ಮೊಳೆಯಲ್ಲೇ ಇತ್ತು, ಹೆಗಲಿಗೆ ಬಿಳಿ ದಾರದ ಸೂಜಿ ಚುಚ್ಚಿಕೊಂಡು. ಮುಗಿಸಬಾರದೇ ಎಂದೆ.

ಶಮೀಮ ನನ್ನ ಅಳತೆ ಬರೆದುಕೊಳ್ಳುತ್ತಲೇ ಹೇಳಿದಳು: “ಮುಗಿಸಿದ್ರ ಕೀಲಿ ವಾಪಸ್ ಕೇಳಾಕ ಬರ್ತಾರ್ರಿ.”