ಗ್ರಹಣಕ್ಕೆ ಬಾಗಿಲು ಹಾಕಿದ ಕೋಣೆ

ನನ್ನ ಮೇಲೊಂದು ಗಂಭೀರ ಆರೋಪವಿದೆ. ನಾನು ಸೂರ್ಯನ ಜೊತೆ ಶಾಮೀಲಾಗಿ ಒಂದು ಕೂಸಿಗೆ ಕೇಡು ಮಾಡಿದ್ದೇನಂತೆ!

ಆರೋಪ ಹೊರಿಸಿದವಳು ಗುಡೇಕೋಟೆ ಕಡೆಯ ಹಳ್ಳಿಗೆ ಕೊಟ್ಟಿರುವ ನನ್ನ ಸ್ವಂತ ಅಕ್ಕ. ಸಾಕ್ಷಿ? ಇಡೀ ಓಣಿ. ತೀರ್ಪು? ಅದೂ ಆಗಿಹೋಗಿದೆ. ಅಪೀಲು ಹೋಗಲು ನನಗೆ ಉಳಿದಿರುವುದು ಈ ಅಂಕಣ ಒಂದೇ. ಪ್ರತಿ ವಾರ ನನ್ನ ಗೊಣಗಾಟ ಸಹಿಸಿಕೊಳ್ಳುವವರು ನೀವು, ಇದನ್ನೂ ಕೇಳಿಬಿಡಿ.

ಸುಮಾರು ಮೂರು ವರ್ಷದ ಹಿಂದಿನ ಮಾತು. ಅಕ್ಕನ ಸೊಸೆ ರೇಣುಕಾ ಏಳು ತಿಂಗಳ ಬಸುರಿ. ಅವಳಿಗೆ ಕುಬಸ ಮಾಡಬೇಕೆಂದು ಕೊಟ್ಟೂರಿನಿಂದ ಹಸಿರು ಸೀರೆ, ಹಸಿರು ಬಳೆ ಹಿಡಿದುಕೊಂಡು ಹೋದೆ. ಶಾಸ್ತ್ರ ಮರುದಿನ. ನಾನು ಹೋದ ದಿನ ಸೂರ್ಯಗ್ರಹಣ.

ಮನೆಯಲ್ಲಿ ಬಂದೋಬಸ್ತೋ ಬಂದೋಬಸ್ತು. ಮಂತ್ರಿಗಳು ಬಂದರೂ ನಮ್ಮ ಪೊಲೀಸರು ಇಷ್ಟು ಮಾಡುವುದಿಲ್ಲ. ಕೊಡದ ನೀರಿಗೆ ಗರಿಕೆ ಹಾಕಿದ್ದರು, ಒಲೆ ಆರಿಸಿದ್ದರು, ಈಳಿಗೆಮಣೆಯನ್ನು ಅಟ್ಟಕ್ಕೆ ಸೇರಿಸಿದ್ದರು.

"ರೇಣುಕಾ ಎಲ್ಲಿ?" ಎಂದೆ.

"ಒಳಗ ಕುಂದ್ರಿಸೀವಿ. ಒಂದು ಎಳಿ ಬೆಳಕು ಬೀಳಂಗಿಲ್ಲ" ಎಂದಳು ಅಕ್ಕ, ದೊಡ್ಡ ಇಂಜಿನಿಯರ್ ಹಾಗೆ.

ಅವರದು ಹಳೇ ಮಾಳಿಗೆ ಮನೆ. ಒಳಗಿನ ಕೋಣೆಗೆ ಕಿಟಕಿಯಿಲ್ಲ, ಗಾಳಿಗೆ ಬೆಳಕಿಗೆ ಇರುವುದು ಮಾಳಿಗೆಯಲ್ಲೊಂದು ಬೆಳಕಿಂಡಿ. ಭಾವ ಬೆಳಿಗ್ಗೆಯೇ ಮಾಳಿಗೆ ಹತ್ತಿ ಅದರ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊದಿಸಿ ಕಲ್ಲು ಹೇರಿ ಬಂದಿದ್ದರು. ಬಾಗಿಲ ಸಂದಿಗೆ ಹಳೇ ಸೀರೆ ತುರುಕಿದ್ದರು. ಪಾಪ, ಸೂರ್ಯನೇ ಖುದ್ದಾಗಿ ಬಂದಿದ್ದರೂ ಬಾಗಿಲು ತಟ್ಟಿ ವಾಪಸ್ ಹೋಗಬೇಕಿತ್ತು.

ಒಳಗಿಂದ ಕೆಮ್ಮು ಕೇಳಿಸಿತು.

"ಸಣ್ಣತ್ತಿ ಬಂದೀರೇನ್ರಿ? ತಲಿ ಸುತ್ತಾಕ ಹತ್ತೈತ್ರಿ. ಇಲ್ಲಿ ಘಾಟು ಭಾಳ ಐತ್ರಿ."

ನಾನು ಅಗುಳಿಗೆ ಕೈ ಹಾಕಿದೆ. ಅಕ್ಕ ಕೈ ಹಿಡಿದಳು. "ಬಸುರಿಗೆ ತಲಿ ಸುತ್ತದ ನಿನಗ ಸುತ್ತತೈತೇನು? ಗ್ರಹಣ ಬಿಡೋತನ ಬಾಗಿಲ ತಗೀಬ್ಯಾಡಲೇ ಶಾರೀ!"

ತೆಗೆದೆ. ಬ್ಯಾಟರಿ ಹಾಕಿ ನೋಡಿದರೆ ಮಾಳಿಗೆಯವರೆಗೆ ಜೋಳದ ಚೀಲಗಳು. ನುಸಿ ಹತ್ತದಿರಲೆಂದು ಒಂದೊಂದು ಚೀಲಕ್ಕೂ ವಿಭೂತಿ ಬಳಿದಂತೆ ಬಿಳಿ ಪುಡಿ. ಗೋಡೆಗೆ ಒರಗಿಸಿದ ಔಷಧಿ ಹೊಡೆಯುವ ಪಂಪು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಮೂಲೆಯಲ್ಲಿ ಬಿತ್ತನೆ ಶೇಂಗಾಕ್ಕೆ ಹಚ್ಚಿ ಮಿಕ್ಕ ಪುಡಿಯ ಚೀಲ ಬಾಯಿ ತೆರೆದುಕೊಂಡಿತ್ತು. ಅದರ ಮೇಲೆ ಕಂಪನಿಯವರು ತಲೆಬುರುಡೆ ಅಚ್ಚು ಹಾಕಿದ್ದರು. ನಮ್ಮವರು ಬಿತ್ತಿಗೆಯ ಪೂಜೆಯಲ್ಲಿ ಆ ಬುರುಡೆಗೂ ಅರಿಶಿನ ಕುಂಕುಮ ಏರಿಸಿದ್ದರು. (ಮುತ್ತೈದೆ ಬುರುಡೆ!) ಆ ಚೀಲಕ್ಕೆ ಆತುಕೊಂಡು, ಚಾಪೆಯ ಮೇಲೆ, ಏಳು ತಿಂಗಳ ರೇಣುಕಾ.

ನನಗೆ ನಿಂತ ನಿಲುವಿನಲ್ಲೇ ಕಣ್ಣಲ್ಲಿ ನೀರು ಬಂತು. ಅವಳ ಕೈ ಹಿಡಿದು ಪಡಸಾಲೆಗೆ ತಂದು ಕೂರಿಸಿ ನೀರು ಕುಡಿಸಿದೆ. ಆಗ ಸೂರ್ಯ ಅರ್ಧ ಮುಳುಗಿದ್ದನಂತೆ. ಅಕ್ಕ ಕೂಗಿದ ಕೂಗಿಗೆ ಪೂರ್ತಿ ಮುಳುಗದೆ ಉಳಿದದ್ದೇ ದೊಡ್ಡದು. ಪಡಸಾಲೆಗೆ ಸೂರಿಲ್ಲವೇ ಎಂದು ಕೇಳಿದೆ. ಗ್ರಹಣದ ದೋಷ ಸೂರು ತೂರಿ ಬರುತ್ತದಂತೆ. ಪುಡಿಯ ಘಾಟು ಮಾತ್ರ ಪಾಪ, ಮೂಗಿನ ಹೊಳ್ಳೆಯಲ್ಲೂ ದಾರಿ ತಪ್ಪುತ್ತದೆ!

"ಬಿತ್ತಿಗೆಯಾಗ ಬೀಜಕ್ಕೆ ಈ ಪುಡಿ ಹಚ್ಚಿದವರು ಯಾರವ್ವಾ?" ಎಂದು ರೇಣುಕಾಳನ್ನು ಕೇಳಿದೆ.

"ನಾನ ರೀ ಸಣ್ಣತ್ತಿ. ಆವಾಗ ಮೂರು ತಿಂಗಳಿತ್ತು. ಗಂಡಸರು ಕೂರಿಗಿ ಹಿಡೀತಾರ, ನಾವು ಬುಟ್ಟ್ಯಾಗ ಹಾಕ್ಕೊಂಡು ಕೈಲೆ ಕಲಸ್ತೀವಿ. ಆಮ್ಯಾಲ ಕೈ ತೊಳಕೊಂಡು ರೊಟ್ಟಿ ಬಡಿದ್ನಿ."

ನಮ್ಮ ಕಡೆ ಬಸುರಿಗೆ ಕಟ್ಟುಪಾಡು ಒಂದೇ ಎರಡೇ? ಪಪ್ಪಾಯಿ ತಿನ್ನಬಾರದು, ಹಗ್ಗ ದಾಟಬಾರದು, ಹೆಣ ನೋಡಬಾರದು, ಗ್ರಹಣದಲ್ಲಿ ಬದನೆಕಾಯಿ ಹೆಚ್ಚಬಾರದು. ಇಷ್ಟು ಬಿಟ್ಟು ಉಳಿದದ್ದೆಲ್ಲ ಧಾರಾಳ. ಅದಿರಿನ ಲಾರಿ ಎಬ್ಬಿಸಿದ ಕೆಂಪು ಧೂಳನ್ನು ಕೂಡ್ಲಿಗಿಯ ಹೆಂಗಸರು ಬಾಗಿಲಿಂದ ಗುಡಿಸಬಹುದು, ಮಧ್ಯಾಹ್ನ ಮತ್ತೆ ಗುಡಿಸಬಹುದು. ಹಡಗಲಿ ಕಡೆ ಮೆಣಸಿನ ಗಿಡಕ್ಕೆ ಗಂಡ ಔಷಧಿ ಹೊಡೆಯುವಾಗ ಹೆಂಡತಿ ನೀರು ಹೊತ್ತು ಕೊಡಬಹುದು. ಔಷಧಿಯ ಖಾಲಿ ಡಬ್ಬಿ ತೊಳೆದು ಮಜ್ಜಿಗೆ ತುಂಬಬಹುದು. ಚಂದದ ಡಬ್ಬಿ, ಎಸೆಯಲು ಮನಸ್ಸು ಬರುತ್ತದೆಯೇ?

ಹೆರಿಗೆಯಾಯಿತು. ಹೆಣ್ಣು ಕೂಸು, ಕೈಯಲ್ಲಿ ಹಿಡಿದರೆ ಹಿಡಿಯಷ್ಟು. ಚೈತ್ರಾ ಎಂದು ಹೆಸರಿಟ್ಟೆವು. ಓರಗೆಯ ಮಕ್ಕಳು ಓಣಿ ತುಂಬ ಓಡಾಡುವಾಗ ಇವಳು ಗೋಡೆ ಹಿಡಿದು ನಿಲ್ಲಲು ಕಲಿತಳು. ಈಗಲೂ ಮಾತಿಲ್ಲ. ನನ್ನ ಬೆರಳು ಹಿಡಿದುಕೊಂಡು ಮಾತ್ರ ಎಷ್ಟು ಚೆನ್ನಾಗಿ ನಗುತ್ತಾಳೆ!

ಬಳ್ಳಾರಿಯ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಬಸುರಿದ್ದಾಗ ಏನು ತಿಂದೆ, ಏನು ಕೆಲಸ ಮಾಡಿದೆ ಎಂದು ರೇಣುಕಾಳನ್ನು ಎಲ್ಲ ಕೇಳಿದರು. ಪುಡಿಯ ವಿಷಯವನ್ನೂ ಹೇಳಿದೆವು. "ಈ ಮಗುವಿಗೆ ಪುಡಿಯಿಂದಲೇ ಹೀಗಾಯ್ತು ಅಂತ ನಾನು ಹೇಳಲಾರೆ, ಬೇರೆ ಕಾರಣಗಳೂ ಇರಬಹುದು" ಎಂದರು. ಆಮೇಲೆ ಕನ್ನಡಕ ತೆಗೆದಿಟ್ಟು ಹೇಳಿದರು: "ಆದರೆ ಮೆದುಳು ಬೆಳೆಯೋಕೆ ಶುರುವಾಗೋದೇ ಹೊಟ್ಟೆಯಲ್ಲಿ. ತಾಯಿಯ ಮೈ ಸೇರಿದ್ದು ಕೂಸಿಗೂ ಹೋಗುತ್ತೆ. ಇಂಥ ಔಷಧಿ ಆ ಹಂತದಲ್ಲಿ ಒಳ್ಳೇದಲ್ಲ. ಇನ್ನು ಮುಂದೆ ಬಸುರಿಯನ್ನು ಅದರ ಹತ್ತಿರ ಬಿಡಬೇಡಿ. ಮಗುವಿನ ಜೊತೆ ದಿನಾ ಮಾತಾಡಿ, ಆಡಿಸಿ, ತಿಂಗಳಿಗೊಮ್ಮೆ ಕರೆದುಕೊಂಡು ಬನ್ನಿ."

ಅಕ್ಕನ ಕಿವಿಗೆ ಮೊದಲ ವಾಕ್ಯ ಮಾತ್ರ ಬಿತ್ತು. ಬಸ್‌ಸ್ಟ್ಯಾಂಡು ಮುಟ್ಟುವುದರೊಳಗೆ ಅದು ರಿಪೇರಿಯೂ ಆಯಿತು.

"ಕೇಳಿದ್ಯಾ? ಪುಡಿಯಿಂದ ಅಲ್ಲಂತ ಡಾಕ್ಟ್ರ ಹೇಳ್ಯಾರ. ಮತ್ತ ಇನ್ಯಾತರಿಂದ? ಅವತ್ತು ನೀನು ಬಾಗಿಲ ತಗದಿದ್ದರಿಂದ!"

ರೇಣುಕಾ ಕೂಸನ್ನು ಹೆಗಲಿಗೆ ಒರಗಿಸಿಕೊಂಡು ಬೆನ್ನು ತಟ್ಟುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ತೋರಿಸುವುದು? ಅಕ್ಕ ಕೆಟ್ಟವಳಲ್ಲ. ಆ ಕೂಸಿಗೆ ರಾಗಿ ಮಾಲ್ಟ್ ಕುಡಿಸದೆ ಅವಳು ಬಾಯಿಗೆ ಹನಿ ನೀರು ಹಾಕುವುದಿಲ್ಲ. ಗ್ರಹಣಕ್ಕಾದರೆ ಬಾಗಿಲು ಹಾಕಬಹುದು. ಪುಡಿಗೆ ಬಾಗಿಲು ಹಾಕಿದರೆ ಜೋಳಕ್ಕೆ ನುಸಿ ಹತ್ತುತ್ತದಲ್ಲ!

ಹೋದ ವಾರ ಅಕ್ಕನ ಫೋನು. ದನಿಯಲ್ಲಿ ಸಕ್ಕರೆ.

"ರೇಣುಕಾಗ ಮತ್ತ ಮೂರು ತಿಂಗಳು ಕಣಲೇ. ಈ ಸಲ ಏನೂ ಚಿಂತಿ ಇಲ್ಲ. ಪಂಚಾಂಗ ತೋರಿಸೀನಿ, ಹೆರಿಗಿ ಆಗೋತನ ಒಂದೂ ಗ್ರಹಣ ಇಲ್ಲಂತ."

ನನಗೂ ಸಂತೋಷವಾಯಿತು. "ಅವಳಿಗೆ ಕೊಡು, ಮಾತಾಡ್ತೀನಿ" ಎಂದೆ.

"ಈಗೆಲ್ಲಿ ಬರ್ತಾಳ? ಮಳಿ ಚಲೋ ಆಗೈತಿ, ನಾಳೆ ಬಿತ್ತಿಗಿ. ಶೇಂಗಾಕ್ಕ ಪುಡಿ ಹಚ್ಚಾಕ ಕುಂತಾಳ."

ಡಾಕ್ಟರು ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ, ಬೇಡಿಕೊಂಡೆ, ಬೈದೆ. ಯಾವುದೂ ನಾಟಲಿಲ್ಲ. ಕೊನೆಗೆ, "ಅವಳನ್ನು ಈಗಲೇ ಎಬ್ಬಿಸು. ನಾನು ಮುಂದಿನ ಬಸ್ಸಿಗೆ ಹೊರಟೆ, ಬಂದು ನಾನೇ ಪುಡಿ ಹಚ್ಚುತ್ತೇನೆ" ಎಂದೆ.

ಅಕ್ಕ ಗಾಬರಿಯಾದಳು. ಎಷ್ಟಾದರೂ ಒಡಹುಟ್ಟಿದವಳು.

"ಏ ಬ್ಯಾಡಲೇ ಶಾರೀ! ಅದು ವಿಷ ಐತಿ. ರೂಢಿ ಇಲ್ಲದಾಕಿ ನೀನು, ನಿನಗ ತಡಿಯಂಗಿಲ್ಲ!"

ಒಪ್ಪಿದೆ ಅಕ್ಕಾ, ನನಗೆ ತಡೆಯುವುದಿಲ್ಲ. ರೇಣುಕಾಳ ಹೊಟ್ಟೆಯಲ್ಲಿರುವ ಕೂಸಿಗೆ ಯಾವಾಗ ರೂಢಿ ಮಾಡಿಸಿದೆ?