ನಾವಿಬ್ಬರು ಚೆಂದ ಮಾಡಿದ ಅಡುಗೆಮನೆ

ಕಡಿಮೆ ಖರ್ಚಿನಲ್ಲಿ ಅಡುಗೆಮನೆ ಚೆಂದ ಮಾಡುವುದು ಹೇಗೆಂದು ನನ್ನನ್ನು ಈಗಲೂ ಕೇಳುವವರಿದ್ದಾರೆ. ಸದಾಶಿವನಗರದಲ್ಲಿರುವ, ನನ್ನ ಗಂಡನ ಸಹೋದ್ಯೋಗಿಯೊಬ್ಬರ ಹೆಂಡತಿ ಮೊನ್ನೆ ಫೋನ್ ಮಾಡಿ, ಆ ಉಳಿಕೆ ಟೈಲ್ಸ್ ಎಲ್ಲಿ ಸಿಕ್ಕವು, ಗೋಡೆಗೆ ಬಳಿದ ಹಳದಿ ಯಾವುದು ಎಂದೆಲ್ಲ ವಿಚಾರಿಸಿದರು. ಹೇಳಿದೆ. ಒಂದು ಫೋಟೊ ಕಳಿಸಿ ಅಂದರು, ಹಳೆಯದನ್ನು ಕಳಿಸಿದೆ. ಅದರಲ್ಲಿ ಕಾಣುವ ಅಡುಗೆಮನೆ ಈಗಿಲ್ಲ ಎಂದು ಹೇಳಲು ಹೋಗಲಿಲ್ಲ. ಹೇಳಿದ್ದರೆ ಅತ್ತುಬಿಡುತ್ತಿದ್ದೆ, ಫೋನಿನಲ್ಲಿ ಅಳುವ ಹೆಂಗಸರನ್ನು ಕಂಡರೆ ನನಗೇ ಆಗುವುದಿಲ್ಲ.

ನಮ್ಮದು ಬೆಳಗಾವಿಯ ಕೋಟೆಯಿಂದ ಹೆಚ್ಚು ದೂರವಿಲ್ಲದ ಗಲ್ಲಿಯೊಂದರ ಹಳೆಯ ಮನೆ. ಅತ್ತೆ ಮಾವ ತೀರಿಕೊಂಡ ಮೇಲೆ ಅಲ್ಲಿ ಉಳಿದವರು ಅಣ್ಣತಮ್ಮಂದಿರಿಬ್ಬರು ಮತ್ತು ಅವರ ಹೆಂಡತಿ ಮಕ್ಕಳು. ಅಣ್ಣನ ಹೆಂಡತಿ ನಾನು. ತಮ್ಮನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಖಾನಾಪುರದ ಹುಡುಗಿ. ಅವಳ ತವರಿನಲ್ಲಿ ಮಾತು ಮರಾಠಿ, ಓದಿದ್ದು ಮರಾಠಿ ಶಾಲೆಯಲ್ಲಿ. ಈ ಮನೆಗೆ ಬಂದ ದಿನ ಅವಳಿಗೆ ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ, ಅಕ್ಕಿ ರೊಟ್ಟಿ ಮಾತ್ರ ಗೊತ್ತಿತ್ತು. ನಾನು ಜೋಳದ್ದು ಕಲಿಸಿದೆ, ಅವಳು ನನಗೆ ಅಕ್ಕಿಯದು ಕಲಿಸಿದಳು. ನನ್ನ ಅಕ್ಕಿ ರೊಟ್ಟಿ ಇವತ್ತಿಗೂ ತವೆಯ ಮೇಲೆ ಹರಿಯುತ್ತದೆ, ಅದು ಬೇರೆ ಮಾತು.

ಎರಡು ಜಡೆ ಸೇರಿದರೆ ಜಗಳ ಎನ್ನುತ್ತಾರೆ. ಹಾಗೆ ಹೇಳಿದವನು ನಮ್ಮ ಮನೆಗೆ ಬಂದಿರಲಿಲ್ಲ. ನಮ್ಮಲ್ಲಿ ಜಡೆಗಳು ಚೆನ್ನಾಗಿಯೇ ಇದ್ದವು, ಸೇರದೆ ಹೋದದ್ದು ಮೀಸೆಗಳು. ಮೈದುನನದು ಮೊಬೈಲ್ ರಿಪೇರಿಯ ಅಂಗಡಿ, ಬಾಡಿಗೆಯ ಜಾಗದಲ್ಲಿತ್ತು. ರಸ್ತೆಗೆ ಮುಖ ಮಾಡಿರುವ ನಮ್ಮ ಮನೆಯ ಮುಂದಿನ ಕೋಣೆಗೆ ಅದನ್ನು ತರಬೇಕೆಂದು ಅವನ ಆಸೆ. ನನ್ನ ಗಂಡ, "ಅಪ್ಪ ಕುಂತ ಜಾಗಾದಾಗ ಅಂಗಡಿ ಹಾಕ್ತೀಯೇನ?" ಅಂದರು. ಅವನು, "ಅಪ್ಪ ನಿನಗ ಒಬ್ಬನಿಗೆ ಅಪ್ಪ ಏನ?" ಅಂದ. ಅಷ್ಟೇ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಮಾತು ಬಿಟ್ಟರು, ಊಟಕ್ಕೂ ಬೇರೆ ಬೇರೆ ಹೊತ್ತಿಗೆ ಬರತೊಡಗಿದರು.

ಬೇರೆಯಾಗುವ ಮಾತು ಗಾಳಿಯಲ್ಲಿತ್ತು. ಕೋಣೆ ಬೇರೆಯಾದರೆ ನನಗೇನೂ ಅನಿಸುತ್ತಿರಲಿಲ್ಲ. ಒಲೆ ಬೇರೆಯಾಗುತ್ತದಲ್ಲ ಎಂಬುದೇ ನಮ್ಮಿಬ್ಬರ ಚಿಂತೆ. ಬೆಳಗಿನ ಮೊದಲ ಚಹಾ ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತುಕೊಂಡೇ ಕುಡಿಯುತ್ತಿದ್ದೆವು. ಇಡೀ ದಿನದಲ್ಲಿ ನನ್ನದು ಅಂತ ನನಗಿದ್ದ ಹೊತ್ತು ಅದೊಂದೇ.

ಅಂಥ ಒಂದು ಬೆಳಿಗ್ಗೆ ಅವಳು ಹೇಳಿದಳು, "ಅಕ್ಕಾ, ಈ ಅಡಗಿಮನಿ ನೋಡ್ರಿ, ಮಸಿ ಹಿಡದ ಗವಿ ಆಗೇತಿ. ಇದನ್ನ ಅಗದೀ ಚಂದ ಮಾಡೂಣು. ಇಷ್ಟ ಚಂದ ಮಾಡೂಣು, ಯಾರಿಗೂ ಮುರಿಯಾಕ ಮನಸ್ಸ ಬರಬಾರದು."

"ಗಂಡಸರು ಅಡಗಿಮನಿ ನೋಡಾಕ ಬರ್ತಾರೇನವಾ? ತಾಟು ನೋಡಾಕ ಬರ್ತಾರ," ಅಂದೆ. ಬಾಯಲ್ಲಿ ಹಾಗಂದರೂ ಮಾರನೇ ದಿನ ಮೊದಲು ಕೆರೆಯುವ ಪಟ್ಟಿ ಹಿಡಿದು ಸ್ಟೂಲು ಏರಿದವಳು ನಾನೇ.

ಅತ್ತೆಯ ಕಾಲದ ಕಟ್ಟಿಗೆ ಒಲೆಯ ಮಸಿ ಗೋಡೆಯಿಂದ ಪದರುಪದರಾಗಿ ಬಂತು. ಕೆರೆದು, ತೊಳೆದು, ಸುಣ್ಣಕ್ಕೆ ಹಳದಿ ಪುಡಿ ಕಲೆಸಿ ಬಳಿದೆವು. ಮೊದಲ ಕೈ ಅರಿಸಿನದ ಶಾಸ್ತ್ರ ಮಾಡಿದಂತೆ ಕಂಡಿತು. ಎರಡನೆಯದಕ್ಕೆ ಪುಡಿ ಕಡಿಮೆ ಮಾಡಿದ ಮೇಲೆ ಬೆಣ್ಣೆಯ ಬಣ್ಣ ಬಂತು. ಪೀರನವಾಡಿಯ ಕಡೆ ಟೈಲ್ಸ್ ಅಂಗಡಿಯೊಂದರ ಹಿಂದೆ, ಪೂರ್ತಿ ಡಬ್ಬಿ ಆಗದೆ ಉಳಿದ ಟೈಲ್ಸ್ ಗುಡ್ಡೆ ಹಾಕಿದ್ದರು. ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಹಸಿರು, ಇಟ್ಟಂಗಿ ಕೆಂಪು, ನೀಲಿ ಹೂವಿನದು, ಹೀಗೆ ಆರಿಸಿ ತಂದು ಒಲೆಯ ಹಿಂದೆ ಕೌದಿಯ ತುಂಡುಗಳ ಹಾಗೆ ಜೋಡಿಸಿದೆವು. ಅತ್ತೆಯ ಹರಿದ ಇಳಕಲ್ ಸೀರೆಯ ಅಂಚು ಸೆರಗು ಇನ್ನೂ ಗಟ್ಟಿಯಾಗಿದ್ದವು. ಅವನ್ನು ಕತ್ತರಿಸಿ ಕಟ್ಟೆಯ ಕೆಳಗೆ ಪರದೆ ಮಾಡಿದೆವು, ಸಿಲಿಂಡರು ಮರೆಯಾಯಿತು. ನನ್ನ ಗಂಡ ಹಣಿಕಿ ನೋಡಿ, "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು," ಅಂದರು. ಹೊಟ್ಟೆಗೆ ಹಿಟ್ಟು ಎಲ್ಲಿ ಕಡಿಮೆಯಾಗಿತ್ತೋ ನನಗಂತೂ ಗೊತ್ತಿಲ್ಲ.

ಉಪ್ಪಿನಕಾಯಿ ಬಾಟಲಿಗಳನ್ನು ಬಿಸಿನೀರಲ್ಲಿ ನೆನೆಸಿ ಚೀಟಿ ಕಿತ್ತು, ಬೇಳೆ ಮಸಾಲೆ ತುಂಬಿಟ್ಟೆವು. ಹೊಸ ಚೀಟಿ ಬರೆಯುವಾಗ ಅವಳು ಮರಾಠಿಯಲ್ಲಿ ಮೀಠ ಎಂದು ಬರೆದಳು, ಅದರ ಕೆಳಗೆ ನಾನು ಕನ್ನಡದಲ್ಲಿ ಉಪ್ಪು ಎಂದು ಬರೆದೆ. ಎಲ್ಲ ಬಾಟಲಿಗಳಿಗೂ ಹಾಗೆಯೇ ಎರಡೆರಡು ಹೆಸರು. ಊರಿಂದ ಬಂದಿದ್ದ ನನ್ನ ಗಂಡನ ಕಾಕಾ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಗಡಿ ತಂಟೆ ನಿಮ್ಮ ಬಾಟ್ಲಿ ಮ್ಯಾಲ ಬಗೀಹರೀತ ನೋಡ್ರಿ," ಅಂದರು.

ಆ ಬಾಟಲಿಗಳನ್ನು ಸಾಲಾಗಿ ಇಡಲು ಒಂದು ಉದ್ದನೆಯ ಹಲಗೆ ಮಾತ್ರ ಸಿಕ್ಕಿರಲಿಲ್ಲ. ಅದಕ್ಕಾಗಿ ಖಾನಾಪುರಕ್ಕೆ ಹೋದೆವು. ಅವಳ ತಂದೆ ಹಿಂದೆ ಕಿರಾಣಿ ಅಂಗಡಿ ಇಟ್ಟಿದ್ದರಂತೆ, ಅದರ ಸಾಗುವಾನಿ ಹಲಗೆ ಹಿತ್ತಲಲ್ಲಿ ಗೋಡೆಗೆ ಆತು ನಿಂತಿತ್ತು. ಅವಳ ತಾಯಿ ನನ್ನನ್ನು ಮಗಳ ಬಾಜುವಿನಲ್ಲೇ ಕೂರಿಸಿ, ಇಬ್ಬರಿಗೂ ಒಂದೇ ಸಮ ಬಡಿಸಿದರು. ಪೇಟೆಯಲ್ಲಿ ಬಿದಿರಿನ ಬುಟ್ಟಿ ಕೊಂಡೆವು, ಮೊಸರಿಗೆ ಎರಡು ಮಣ್ಣಿನ ಗಡಿಗೆ ಕೊಂಡೆವು. ಬೆಳಗಾವಿಗೆ ಗಡಿಗೆ ಹೊತ್ತೊಯ್ಯುವ ಟೆಂಪೊದಲ್ಲೇ ಹಲಗೆಯನ್ನೂ ಹೇರಿಸಿ, ನಾವಿಬ್ಬರೂ ಡ್ರೈವರ್ ಪಕ್ಕ ಕೂತೆವು. ಪ್ರತಿ ತಗ್ಗಿಗೂ ಹಿಂದೆ ಗಡಿಗೆಗಳು ಟಣ್ ಅನ್ನುತ್ತಿದ್ದವು, ಪ್ರತಿ ಸಲವೂ ಡ್ರೈವರ್ ಮರಾಠಿಯಲ್ಲಿ ದೇವರನ್ನು ನೆನೆಯುತ್ತಿದ್ದ. ನಾವು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಅಷ್ಟು ನಕ್ಕದ್ದು ಅದೇ ಕೊನೆ.

ಹಲಗೆ ಗೋಡೆಯ ಈ ತುದಿಯಿಂದ ಆ ತುದಿಗೆ ಅಳೆದು ಮಾಡಿಸಿದಂತೆ ಕೂತಿತು. ಅವತ್ತು ಸಂಜೆ ಅಣ್ಣತಮ್ಮಂದಿರಿಬ್ಬರನ್ನೂ ಉಪಾಯದಿಂದ ಒಂದೇ ಹೊತ್ತಿಗೆ ಊಟಕ್ಕೆ ಕರೆದೆವು. ಇಬ್ಬರೂ ಬಂದು, ಎದ್ದು ಹೋಗಲೂ ಆಗದೆ, ಕಿಟಕಿಯ ಕೆಳಗೆ ಕೂತರು. ಮೈದುನ ತಾಟು ನೋಡುತ್ತ, "ಚಲೋ ಆಗೇತಿ," ಅಂದ. ನನ್ನ ಗಂಡ ಗೋಡೆ ನೋಡುತ್ತ, "ಹೂಂ, ಬೆಳಕ ಐತಿ," ಅಂದರು. ಆ ಎರಡು ಮಾತಿಗೆ ನಾವಿಬ್ಬರೂ ಸಂಬಂಧ ಕುದುರಿದವರ ಹಾಗೆ ಹಿಗ್ಗಿದೆವು. ಅವಳು ಬೆನ್ನ ಹಿಂದಿನಿಂದ ನನ್ನ ಕೈ ಹಿಚುಕಿದಳು. ಉಳಿಯಿತು ಎಂದುಕೊಂಡೆ, ದೇವರಾಣೆ ಹಾಗೇ ಅಂದುಕೊಂಡೆ.

ಆದರೆ ದೀಪಾವಳಿಗೆ ಮುಂಚೆ ಮೈದುನ ಯಾರನ್ನೂ ಕೇಳದೆ ಮುಂದಿನ ಕೋಣೆಗೆ ಅಂಗಡಿಯ ಬೋರ್ಡು ಹಾಕಿಸಿದ. ನನ್ನ ಗಂಡ ಆಫೀಸಿನಿಂದ ಬಂದವರೇ ಚಪ್ಪಲಿಯನ್ನೂ ಬಿಡದೆ ಅದನ್ನು ಕಿತ್ತು ಕೆಳಗಿಟ್ಟರು. ಇಬ್ಬರೂ ಗಲ್ಲಿಗೆಲ್ಲ ಕೇಳುವಂತೆ ಕೂಗಾಡಿದರು. ಮತ್ತೆ ಕಾಕಾ ಬಂದರು, ಈ ಸಲ ನಗದೆ ಮನೆ ಪಾಲು ಮಾಡಿದರು. ಮುಂದಿನ ಕೋಣೆ ತಮ್ಮನಿಗೆ, ಹಿಂದಿನದು ಅಣ್ಣನಿಗೆ. ಎಲ್ಲಕ್ಕಿಂತ ದೊಡ್ಡ ಜಾಗ ಅಡುಗೆಮನೆಯಾದ್ದರಿಂದ ನಡುವೆ ಗೋಡೆ. ಬಾಟಲಿಗಳ ಮೇಲೆ ಗಡಿ ತಂಟೆ ಬಗೆಹರಿದದ್ದು ನೋಡಿ ನಕ್ಕಿದ್ದವರೇ ಮಕ್ಕಳ ಸುಣ್ಣದ ಕಡ್ಡಿ ಇಸಿದುಕೊಂಡು, ಮೊಣಕಾಲೂರಿ, ನೆಲದ ಮೇಲೆ ಗೆರೆ ಎಳೆದರು. ನಳ ನಮ್ಮ ಕಡೆಗೆ ಬಂತು, ಕಿಟಕಿ ಅವರ ಕಡೆಗೆ ಹೋಯಿತು.

ಗೋಡೆಯ ಹಲಗೆ ಮಾತ್ರ ಗೆರೆಯ ಎರಡೂ ಕಡೆಗಿತ್ತು. "ನಿನ್ನ ತವರಿಂದ ಬಂದದ್ದವಾ, ಇಡೀದು ನೀನ ತಗೋ," ಅಂದೆ ನಾನು. "ಬ್ಯಾಡ್ರಿ ಅಕ್ಕಾ, ಎತ್ತಿ ಕೂಡಿಸಿದವ್ರು ನೀವು, ನಿಮ್ಮ ಕಡೇನ ಇರಲಿ," ಅಂದಳು ಅವಳು. ನಾನು ಅವಳಿಗೆ, ಅವಳು ನನಗೆ, ಹೀಗೆ ದನಿ ಸ್ವಲ್ಪ ಏರಿತು. ಹೊರಗಿದ್ದ ಗಂಡಸರಿಗೆ ನಾವು ಹಲಗೆಗಾಗಿ ಕಚ್ಚಾಡುತ್ತಿದ್ದೇವೆ ಎನಿಸಿರಬೇಕು. ನ್ಯಾಯ ಎಂದರೆ ಸಮ ಪಾಲು ಎಂದು ತಿಳಿದ ಆ ಜಾಣರು ಬಡಿಗನನ್ನು ಕರೆಸಿ ಅದನ್ನು ನಡುವೆ ಕೊಯ್ಯಿಸಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ಹಿತ್ತಲಿಗೆ ಹೋಗಿ ನಿಂತೆ, ಗರಗಸದ ಸದ್ದು ಅಲ್ಲಿಗೂ ಬಂತು.

ಗೌಂಡಿ ಗೋಡೆ ಏರಿಸುತ್ತಿದ್ದಾಗಲೂ ನಾವು ಒಂದೇ ಒಲೆಯಲ್ಲಿ ಅಡುಗೆ ಮಾಡಿದೆವು. ಒಲೆ ನನ್ನ ಕಡೆಗಿತ್ತು. ಗೋಡೆ ಮೊಣಕಾಲಿಗೆ ಇದ್ದಾಗ ಅವಳು ದಾಟಿ ಬಂದು ಒಗ್ಗರಣೆ ಹಾಕುತ್ತಿದ್ದಳು. ಸೊಂಟಕ್ಕೆ ಬಂದಾಗ ಹೆಚ್ಚಿದ ಕಾಯಿಪಲ್ಯೆಯನ್ನು ಈಚೆ ಕೊಡುತ್ತಿದ್ದಳು, ನಾನು ನೀರಿನ ಕೊಡ ಆಚೆ ಕೊಡುತ್ತಿದ್ದೆ. ಕುತ್ತಿಗೆಗೆ ಬಂದಾಗ ಅವಳ ಮುಖವಷ್ಟೇ ಕಾಣುತ್ತಿತ್ತು. ಅವಳು, "ಅಕ್ಕಾ, ಉಪ್ಪ ನೋಡಿದ್ರೇನು?" ಎಂದು ಕೇಳಿದರೆ ಸೌಟಿನ ತುದಿಯನ್ನು ಅವಳ ಬಾಯಿಗೇ ಹಿಡಿಯುತ್ತಿದ್ದೆ.

ಗೌಂಡಿಗೆ ನಮ್ಮನ್ನು ನೋಡಿ ಏನನ್ನಿಸಿತೋ, "ಬಾಯಾರ, ನಡುವ ಒಂದ ಸಣ್ಣ ಕಿಂಡಿ ಬಿಡ್ಲೇನ್ರಿ? ಸಾರು ಪಲ್ಯ ಕೊಟ್ಟು ತಗೊಳ್ಳಾಕ ಆಗತೈತಿ," ಎಂದು ಕೇಳಿದ. ನಾನು ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಅಷ್ಟರಲ್ಲಿ ಈಚೆ ಬಾಗಿಲಿನಿಂದ ಒಂದು, ಆಚೆ ಬಾಗಿಲಿನಿಂದ ಒಂದು, ಎರಡು ಗಂಡುದನಿಗಳು ಒಟ್ಟಿಗೇ "ಬ್ಯಾಡ" ಅಂದವು. ಅಷ್ಟು ತಿಂಗಳಲ್ಲಿ ಅಣ್ಣತಮ್ಮಂದಿರು ಒಪ್ಪಿ ಒಟ್ಟಿಗೆ ಆಡಿದ ಮಾತು ಅದೊಂದೇ.

ಕಿಟಕಿ ಹೋದ ಮೇಲೆ ನನ್ನ ಕಡೆ ಹಗಲಿಗೂ ಬಲ್ಬು ಬೇಕಾಯಿತು. ಅವಳ ಕಡೆ ನಳ ಎಳೆಸಿ, ಹೊಸ ಒಲೆ ತಂದರು. ನಮ್ಮ ಬಾಗಿಲು ಹಿತ್ತಲ ಕಡೆಗೆ, ಅವರದು ರಸ್ತೆಯ ಕಡೆಗೆ ಆಯಿತು. ಒಂದು ಮಧ್ಯಾಹ್ನ ಅವಳು ಗಲ್ಲಿ ಸುತ್ತಿಕೊಂಡು, ಕುಂಕುಮದ ಭರಣಿ ಹಿಡಿದು, ನನ್ನ ಬಾಗಿಲಿಗೆ ಬಂದಳು. ಹೊಸ ಸೀರೆ ಉಟ್ಟಿದ್ದಳು. "ನಾಳಿ ಹಾಲ ಉಕ್ಕಸ್ತೀವ್ರಿ ಅಕ್ಕಾ. ತಪ್ಪದ ಬರಬೇಕ್ರಿ," ಎಂದು ಹೊಸಿಲಿನ ಆಚೆ ನಿಂತು ಹೇಳಿದಳು.

ನನ್ನ ಗಂಡ ಹೋಗಲಿಲ್ಲ, ನಾನು ಹೋದೆ. ಅಲ್ಲಿ ಹಾಲು ಒಲೆಯ ಮೇಲಿತ್ತು, ನನ್ನ ಕಾಲು ತಾನಾಗಿ ಒಲೆಯ ಕಡೆಗೆ ನಡೆಯಿತು. ಅವಳ ತಾಯಿ ಕೈ ಹಿಡಿದು, "ನೀವ ಕುಂದರ್ರಿ, ಇವತ್ತ ನೀವ ಕರಿಸಿಕೊಂಡ ಬಂದವ್ರು," ಎಂದು ಕುರ್ಚಿ ತೋರಿಸಿದರು. ಅವರು ಅಂದದ್ದು ಪ್ರೀತಿಯಿಂದಲೇ. ನಾನು ಕೆರೆದು ಬಣ್ಣ ಬಳಿದ ಗೋಡೆಗೆ ಬೆನ್ನು ಕೊಟ್ಟು ಕೂತೆ, ಹಾಲು ಉಕ್ಕಿತು, ಎಲ್ಲರೂ ಸಂತೋಷಪಟ್ಟರು.

ಮನೆಗೆ ಬಂದ ಮುತ್ತೈದೆಗೆ ಹೊರಡುವಾಗ ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ಬಂದವರ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಕುಪ್ಪಸದ ಖಣ ಹಾಕುತ್ತೇವೆ. ಎಷ್ಟೋ ಹೆಂಗಸರಿಗೆ ನಾವಿಬ್ಬರೂ ಸೇರಿ ಉಡಿ ತುಂಬಿದ್ದೆವು, ಅವಳು ತಟ್ಟೆ ಹಿಡಿಯುತ್ತಿದ್ದಳು, ನಾನು ತುಂಬುತ್ತಿದ್ದೆ. ಅವತ್ತು ತಟ್ಟೆಯನ್ನು ಅವಳ ತಾಯಿ ಹಿಡಿದರು. ನಾನು ಸೆರಗೊಡ್ಡಿ ನಿಂತೆ. ಅವಳು ಬೊಗಸೆ ಬೊಗಸೆ ಅಕ್ಕಿ ಹಾಕಿದಳು, ತಲೆ ಎತ್ತಲಿಲ್ಲ. ಬಾಗಿಲವರೆಗೂ ಬಂದು, "ಹೋಗಿ ಬರ್ರಿ ಅಕ್ಕಾ," ಅಂದಳು. ಒಂದು ಗೋಡೆಯ ಆಚೆ ಇರುವವಳಿಗೆ ಆ ಮಾತು ಹೇಳಬೇಕಾಯಿತು ಅವಳಿಗೆ. ನಾನು ಗಲ್ಲಿಯಲ್ಲಿ ಅಳುತ್ತಲೇ ನಡೆದೆ, ನೋಡುವವರು ನೋಡಲಿ ಎಂದು.

ಉಡಿಯ ಅಕ್ಕಿಯನ್ನು ಇಡಬಾರದು, ಸಿಹಿ ಮಾಡಿ ಉಣ್ಣಬೇಕು. ಮಾರನೇ ದಿನ ಬೆಲ್ಲ ಹಾಕಿ ಪಾಯಸ ಮಾಡಿದೆ. ಕೈಗೆ ಹಳೆಯ ಅಳತೆಯೇ ರೂಢಿ, ಎರಡೂ ಮನೆಗೆ ಆಗುವಷ್ಟಾಯಿತು. ಮೊದಲ ಬಟ್ಟಲು ಯಾವಾಗಲೂ ಅವಳಿಗೇ ಹೋಗುತ್ತಿದ್ದದ್ದು, ರುಚಿ ನೋಡಲು. ಅದನ್ನು ತುಂಬಿ, ತುಪ್ಪ ಹಾಕಿ, ತಟ್ಟೆ ಮುಚ್ಚಿ, ಗಲ್ಲಿ ಸುತ್ತಿಕೊಂಡು ಹೋಗಲು ಚಪ್ಪಲಿ ಮೆಟ್ಟಿದೆ.

"ಅವ್ವಾ, ಉಡಿ ಅಕ್ಕಿದು ಮನಿಯವ್ರ ಅಷ್ಟ ತಿನ್ನಬೇಕು, ಹೊರಗಿನವ್ರಿಗೆ ಕೊಡಬಾರದಂತ ನೀನ ಹೇಳಿದ್ದೆಲ್ಲ?" ಎಂದು ಕೇಳಿದಳು ನನ್ನ ಸಣ್ಣ ಮಗಳು.

ಚಪ್ಪಲಿ ಬಿಟ್ಟು ಒಳಗೆ ಬಂದೆ. ಅವಳು ಕೊಟ್ಟ ಅಕ್ಕಿ, ಅವಳಿಗೇ ಕೊಡುವಂತಿರಲಿಲ್ಲ. ಗೋಡೆಯ ಆಚೆ ಅವಳು ಪಾತ್ರೆ ತೊಳೆಯುತ್ತಿರುವುದು ಕೇಳುತ್ತಿತ್ತು. ಬಲ್ಬಿನ ಕೆಳಗೆ ನಿಂತುಕೊಂಡೇ ಆ ಬಟ್ಟಲನ್ನೂ ನಾನೇ ತಿಂದು ಮುಗಿಸಿದೆ.