ಗೌರಿಗೆ ಬಂದ ತಟ್ಟೆಗಳು

ಆಗ ತ್ರಾಸಿಯ ರಸ್ತೆ ಇನ್ನೂ ಅಗಲವಾಗಿರಲಿಲ್ಲ. ಬಸ್ಸಿನಲ್ಲಿ ಕೂತವರು ಕೈ ಚಾಚಿದರೆ ಕಡಲು ಸಿಗುತ್ತದೆ ಅನ್ನಿಸುತ್ತಿತ್ತು. ಕಾರು ನಿಲ್ಲಿಸಿ ಇಳಿದವರಿಗೆ ಅಲ್ಲಿ ಮಾಡಲು ಹೆಚ್ಚೇನೂ ಇರಲಿಲ್ಲ. ಚರುಮುರಿ ತಿನ್ನುತ್ತಿದ್ದರು, ಕಾಲು ಒದ್ದೆ ಮಾಡಿಕೊಳ್ಳುತ್ತಿದ್ದರು, ಚಿಕ್ಕ ಮಕ್ಕಳಿದ್ದರೆ ನಮ್ಮ ಗೌರಿಯ ಬೆನ್ನ ಮೇಲೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ಗೌರಿ ಅಂದರೆ ಕುದುರೆ. ನಾಲ್ಕನೇ ಕ್ಲಾಸಿನ ನನ್ನ ಎದೆಯ ಮಟ್ಟಕ್ಕೆ ಬರುತ್ತಿದ್ದ ಗಿಡ್ಡ ಕುದುರೆ.

ಅಪ್ಪಯ್ಯ ಮೊದಲು ಗಂಗೊಳ್ಳಿಯಿಂದ ಬೋಟಿಗೆ ಹೋಗುತ್ತಿದ್ದರು. ಬಲೆ ಎಳೆಯುವಾಗ ಹಗ್ಗ ಜಗ್ಗಿ ಬಲಭುಜ ಹೋಯಿತು. ಮತ್ತೆ ಬಲೆ ಮುಟ್ಟಲು ಆಗಲಿಲ್ಲ. ಆ ಹೊತ್ತಿಗೆ ಕಡಲ ಬದಿಯ ಒಂದು ರೆಸಾರ್ಟ್ ಬಾಗಿಲು ಹಾಕಿತು. ಅಲ್ಲಿ ಮಕ್ಕಳ ಆಟಕ್ಕೆಂದು ಸಾಕಿದ್ದ ಈ ಕುದುರೆಯನ್ನು ಅಪ್ಪಯ್ಯ ಕಡಿಮೆಗೆ ತಂದರು. ಊರಿನವರಿಗೆ ಅದೊಂದು ತಮಾಷೆ. ದಾರಿಯಲ್ಲಿ ಸಿಕ್ಕಿದವರೊಬ್ಬರು, "ಹ್ವಾಯ್, ಇದ್ ಕುದ್ರಿಯಾ, ದೊಡ್ಡ್ ನಾಯಿಯಾ?" ಅಂತ ಕೇಳಿದ್ದರು. "ನಾಯಿ ಆಗಿದ್ರೆ ನಿಮ್ಮನ್ ಕಂಡ್ ಕೂಗ್ತಿತ್ತ್," ಅಂದರು ಅಪ್ಪಯ್ಯ.

ಅಮ್ಮನಿಗೆ ಮಾತ್ರ ನಗು ಬರಲಿಲ್ಲ. ತಲೆ ಮೇಲೆ ಬುಟ್ಟಿ ಹೊತ್ತು ನಾವುಂದದ ತನಕ ಮೀನು ಮಾರಿ ಬರುತ್ತಿದ್ದವಳು ಅವಳು. "ಗಂಗೊಳ್ಳಿ ಬಂದ್ರಗೆ ಅಷ್ಟ್ ಬೋಟ್ ಇತ್ತ್, ಎಂತಾರೂ ಕೂತ್ಕಂಡ್ ಮಾಡು ಕೆಲ್ಸ ಸಿಕ್ತಿತ್ತ್. ಇವ್ರ್ ಕುದ್ರಿ ತಕಂಡ್ ಬಂದ್ರ್," ಅಂತ ಬುಟ್ಟಿ ಇಳಿಸುವಾಗಲೆಲ್ಲ ಹೇಳುತ್ತಿದ್ದಳು.

ಕುದುರೆಯನ್ನು ಕಟ್ಟಿದ್ದು ನಮ್ಮ ದನದ ಹಟ್ಟಿಯಲ್ಲಿ. ಹಟ್ಟಿ ಖಾಲಿ ಬಿದ್ದು ಎರಡು ವರ್ಷ ಆಗಿತ್ತು. ಅಲ್ಲಿದ್ದ ಕಡೆಯ ದನದ ಹೆಸರು ಗೌರಿ. ರೆಸಾರ್ಟಿನವರು ಇಟ್ಟಿದ್ದ ಇಂಗ್ಲಿಷ್ ಹೆಸರು ಅಜ್ಜಿಯ ನಾಲಗೆಗೆ ಸಿಗಲಿಲ್ಲ. ಅವಳು ಹಣೆಗೆ ಕುಂಕುಮ ಇಟ್ಟು, "ಗೌರಿ ಹೋದ್ ಹಟ್ಟಿಗೆ ಗೌರಿಯೇ ಬಂತ್," ಅಂದಳು. ಆವತ್ತಿನಿಂದ ಅಜ್ಜಿಯ ಮಟ್ಟಿಗೆ ಅದು ದನವೇ ಆಯಿತು. ಅಕ್ಕಿ ತೊಳೆದ ನೀರು, ಗಂಜಿಯ ತಿಳಿ, ಉಳಿದ ಅನ್ನ ಎಲ್ಲ ಸೇರಿಸಿದ ಅಕ್ಕಚ್ಚನ್ನು ಮೊದಲ ದಿನವೇ ತಂದು ಮುಂದಿಟ್ಟಳು. ಅಪ್ಪಯ್ಯ ಓಡಿ ಬಂದು ಬಕೆಟ್ ಎತ್ತಿದರು.

"ದನ ಮೆಲ್ಕ್ ಹಾಕತ್ತ್ ಅಬ್ಬಿ. ಇದ್ಕೆ ಹಾಂಗಿಲ್ಲ. ಹೊಟ್ಟಿಗ್ ಹೋದ್ದ್ ತಿರ್ಗಿ ಬಾಯಿಗ್ ಬಪ್ಪುದಿಲ್ಲ. ಅನ್ನ, ಬೆಲ್ಲ ಕೊಡೂಕಾಗ ಅಂದಿರ್."

ಹಾಗೆ ಹೇಳಿಕೊಟ್ಟದ್ದು ರೆಸಾರ್ಟಿನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವನು. ಅಜ್ಜಿ, ತಾನು ಎಷ್ಟು ದನ ಸಾಕಿದವಳು, ತನಗೆ ಮಗ ಕಲಿಸಲು ಬಂದ ಅಂತ ಎರಡು ದಿನ ಮುನಿಸಿಕೊಂಡಳು.

ಬೇಸಿಗೆ ಚೆನ್ನಾಗಿಯೇ ಹೋಯಿತು. ಸಂಜೆ ಶಾಲೆ ಬಿಟ್ಟು ನಾನೂ ಕಡಲ ದಂಡೆಯ ಹೊಯಿಗೆಗೆ, ಅಂದರೆ ಮರಳಿಗೆ, ಹೋಗಿ ಗೌರಿಯ ಹಗ್ಗ ಹಿಡಿದು ನಡೆಯುತ್ತಿದ್ದೆ. ಅದರ ಬೆವರಿಗೆ ಒದ್ದೆ ಗೋಣಿಚೀಲದ ವಾಸನೆ. ಕಿವಿಯ ಹಿಂದೆ ತುರಿಸಿದರೆ ಕೆಳತುಟಿ ಜೋತುಬಿದ್ದು ಅಲ್ಲೇ ನಿದ್ದೆ ಹೋಗುತ್ತಿತ್ತು.

ಮಳೆ ಹಿಡಿದ ಮೇಲೆ ಕಡಲು ರಸ್ತೆಯ ಕಲ್ಲಿಗೆ ಬಂದು ಹೊಡೆಯುತ್ತಿತ್ತು. ಜನ ಬರುವುದು ನಿಂತಿತು. ಅಮ್ಮನ ಬುಟ್ಟಿಯಲ್ಲೂ ಹಸಿ ಮೀನಿಲ್ಲ, ಒಣಮೀನು ಮಾತ್ರ. ಆದರೆ ಕುದುರೆಯ ಹೊಟ್ಟೆಗೆ ಮಳೆಗಾಲ ಅಂತ ಇಲ್ಲವಲ್ಲ. ದೀಪಾವಳಿ ಕಳೆದರೆ ಮತ್ತೆ ಜನ ಬರುತ್ತಾರೆ, ಅಲ್ಲಿಯವರೆಗೆ ಅದರ ಜೀವ ಹಿಡಿದಿಡಬೇಕು. ಆ ಮಳೆಗಾಲ ನಮ್ಮ ಮನೆಯಲ್ಲಿ ಇದ್ದದ್ದು ಅದೊಂದೇ ಕೆಲಸ.

ಅಪ್ಪಯ್ಯ ಎಡಗೈಯಲ್ಲಿ ಕತ್ತಿ ಹಿಡಿದು ಗದ್ದೆಯ ಅಂಚಿನ ಹುಲ್ಲು ಕೊಯ್ಯುತ್ತಿದ್ದರು. ನಾನು ಒಟ್ಟು ಮಾಡಿ ಕಟ್ಟುತ್ತಿದ್ದೆ. ಯಾರದೋ ಅಟ್ಟದಲ್ಲಿ ಉಳಿದ ಹಳೆಯ ಬೈಹುಲ್ಲನ್ನು ಕೇಳಿ ತಂದು, ಬೂಷ್ಟು ಹಿಡಿದದ್ದನ್ನು ಒಂದೊಂದೇ ಹಿಡಿ ತೆಗೆದು ಬಿಸಾಡುತ್ತಿದ್ದರು. ಬೂಷ್ಟಿನ ಹುಲ್ಲು ತಿಂದರೆ ಗೌರಿ ಕೆಮ್ಮುತ್ತಿತ್ತು. ಹಟ್ಟಿಯ ನೆಲ ಒಣಗಲಿಲ್ಲ, ಗೊರಸು ಮೆತ್ತಗಾಗಿ ನಾತ ಬರತೊಡಗಿತು. ಮರದ ಮಿಲ್ಲಿನಿಂದ ಹೊಟ್ಟು ತಂದು ಹರವಿದೆವು. ಬೆಳೆದ ಗೊರಸನ್ನು ಅಪ್ಪಯ್ಯ ಆಚಾರಿಯ ಅರದಿಂದ ತಿಕ್ಕಿ, ಮೇಲೆ ತೆಂಗಿನೆಣ್ಣೆ ಸವರುತ್ತಿದ್ದರು. ನಮ್ಮ ತಲೆಗೆ ಎಣ್ಣೆ ಇಲ್ಲದ ದಿನವೂ ಅದರ ಗೊರಸಿಗೆ ಇರುತ್ತಿತ್ತು. ಅದನ್ನೂ ಅಮ್ಮ ಹೇಳದೆ ಬಿಡಲಿಲ್ಲ.

ಸಂತೆಯಿಂದ ತಂದ ಹುರುಳಿ ಅಜ್ಜಿಯ ಕೈಯಲ್ಲಿತ್ತು. ಸಂಜೆ ಒಂದು ಹಿಡಿ ಬೇಯಿಸಿ, ಬೆಂದ ನೀರು ಬಸಿದು, ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ನಮಗೆ ಸಾರು. ಕಾಳು ಹಿಂದಿನ ಬಾಗಿಲಿನ ಹತ್ತಿರ ಆರಿದ ಮೇಲೆ ಗೌರಿಗೆ. ನಮ್ಮ ಸಾರು ದಿನದಿನಕ್ಕೂ ತೆಳುವಾಯಿತು. ಒಂದು ದಿನ ತಟ್ಟೆಯಲ್ಲಿ ನಾಲ್ಕು ಕಾಳು ಬಂದಿದ್ದಕ್ಕೆ ಅಜ್ಜಿ, "ಮಾಣಿ, ಅದ್ ಗೌರಿದ್," ಅಂದಳು. ನಾನು ಆರಿಸಿ ತೆಗೆದಿಟ್ಟೆ.

ಇಷ್ಟಾದರೂ ನವರಾತ್ರಿಯ ಹೊತ್ತಿಗೆ ಗೌರಿಯ ಪಕ್ಕೆಲುಬುಗಳು ಕಾಣುತ್ತಿದ್ದವು. ಆದರೆ ಬದುಕಿತ್ತು. ಮಳೆ ಹಿಂದೆ ಸರಿಯಿತು. ಗದ್ದೆ ಕೊಯ್ಲಾಗಿ ಹೊಸ ಬೈಹುಲ್ಲು ಬಂತು. ಅಪ್ಪಯ್ಯ ಬೆನ್ನಿನ ಜೀನನ್ನು ಹೊಲಿಸಲು ಕೊಟ್ಟರು. ದೀಪಾವಳಿಯ ಪಾಡ್ಯದ ಬೆಳಿಗ್ಗೆ ಅದನ್ನು ತರಲು ಕುಂದಾಪುರಕ್ಕೆ ಹೊರಟಾಗ, ಅಜ್ಜಿ ಗೋಪೂಜೆಯ ಮಾತೆತ್ತಿದಳು. ಅಪ್ಪಯ್ಯ ನಕ್ಕು, ಪೂಜೆ ಮಾಡಿ, ಬಾಯಿಗೆ ಒಂದು ಹಿಡಿ ಅವಲಕ್ಕಿ ಮಾತ್ರ ಕೊಡಿ ಅಂದು ಬಸ್ಸು ಹತ್ತಿದರು.

ನಮ್ಮ ಕಡೆ ಪಾಡ್ಯದ ದಿನ ದನವನ್ನು ಮೀಯಿಸಿ, ಶೇಡಿ ಅಂದರೆ ಬಿಳಿ ಮಣ್ಣು ಕಲಸಿದ ನೀರಿನಲ್ಲಿ ಲೋಟ ಅದ್ದಿ, ಮೈ ತುಂಬ ಬಳೆಯಂಥ ಗುರುತು ಒತ್ತುತ್ತಾರೆ. ಗೊಂಡೆಹೂವಿನ ಮಾಲೆ ಹಾಕುತ್ತಾರೆ. ಕಡುಬು, ಅವಲಕ್ಕಿ, ಬಾಳೆಹಣ್ಣು ತಿನ್ನಿಸುತ್ತಾರೆ. ಆ ವರ್ಷ ಗೌರಿಗೆ ಶೇಡಿ ಒತ್ತಿದ್ದು ಅಮ್ಮ. ಮಳೆಗಾಲ ಪೂರ್ತಿ ಹಟ್ಟಿಯ ಒಳಗೆ ಕಾಲಿಡದವಳು ಆವತ್ತು ಬೆಳಿಗ್ಗೆ ತಾನೇ ಕಡುಬು ಬೇಯಿಸಿ, ಬೆಲ್ಲ ಸೇರಿಸಿ ತಂದಳು. ಮಗಳನ್ನು ಕರೆಯುವಂತೆ ಹೆಣೆ ಅಂತ ಕರೆದು, ಅಂಗೈ ಮೇಲೆ ಇಟ್ಟು ತಿನ್ನಿಸಿದಳು.

"ತಿನ್ ಹೆಣೆ. ಮಳ್ಗಾಲ ಪೂರ ನಿಂಗೆ ಬೈದಿದೆ. ಇವತ್ತೊಂದಿನ ಹೊಟ್ಟಿ ತುಂಬ ತಿನ್."

ಹಸಿದ ಪ್ರಾಣಿ ಅಂಗೈಯನ್ನೂ ನೆಕ್ಕಿತು.

ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ತಟ್ಟೆ ಹಿಡಿದು ಬಂದರು. ಅವರ ಹಿಂದೆ ಇನ್ನೊಂದು ಮನೆಯವರು. ಕೇರಿಯಲ್ಲಿ ಎಲ್ಲರೂ ದನ ಮಾರಿಯಾಗಿತ್ತು, ಆದರೆ ಪಾಡ್ಯಕ್ಕೆ ಕಡುಬು ಮಾಡುವುದನ್ನು ಯಾರೂ ಬಿಟ್ಟಿರಲಿಲ್ಲ. ಹಿಂದಿನ ವರ್ಷ ಆ ತಟ್ಟೆಗಳನ್ನು ಎಲ್ಲಿ ಇಡುವುದೆಂದು ತಿಳಿಯದೆ ತೆಂಗಿನ ಬುಡದಲ್ಲಿ ಇಟ್ಟಿದ್ದರಂತೆ. ಈಗ ಕೇರಿಗೆಲ್ಲ ಪ್ರಾಣಿ ಇರುವ ಹಟ್ಟಿ ಇದೊಂದೇ. ನಮ್ಮ ಅಜ್ಜಿಗೂ ಒಮ್ಮೆ ಅಳುಕಾಯಿತು. ಸಾಕು, ಮಗ ಬೈತಾನೆ ಅಂದಳು. ಪಕ್ಕದ ಮನೆಯ ಅಜ್ಜಿ ಚಾಚಿದ ತಟ್ಟೆ ಹಿಂದಕ್ಕೆ ತೆಗೆಯಲೇ ಇಲ್ಲ.

"ನಮ್ಮ್ ಹಟ್ಟಿಯಗೆ ಎಂತದೂ ಇಲ್ಲ ಕಾಣ್. ಹಬ್ಬದ್ ತಟ್ಟಿ ವಾಪಾಸ್ ತಕಂಡ್ ಹೋಪುಕ್ ಮನ್ಸ್ ಬತ್ತಿಲ್ಲ."

ಹಬ್ಬದ ದಿನ ಪೂಜೆಗೆ ಬಂದ ತಟ್ಟೆಯನ್ನು ಹಿಂದಕ್ಕೆ ಕಳಿಸುವ ಹೆಂಗಸು ನಮ್ಮ ಕೇರಿಯಲ್ಲಿ ಇರಲಿಲ್ಲ. ತಾವು ಕೊಡುವುದು ಒಂದೇ ತುತ್ತಲ್ಲವೇ ಅಂತ ಎಲ್ಲರೂ ಅಂದುಕೊಂಡರು. ಎಲ್ಲರ ಕಡುಬನ್ನೂ ಗೌರಿ ತಿಂದಿತು. ಮಕ್ಕಳೆಲ್ಲ ಸುತ್ತ ನಿಂತು ಖುಷಿಯಿಂದ ನೋಡಿದೆವು. ಅಷ್ಟು ಚಂದ ಕಂಡಿದ್ದೇ ಇಲ್ಲ, ಕೊರಳಲ್ಲಿ ಹಳದಿ ಹೂವು, ಮೈ ತುಂಬ ಬಿಳಿ ಬಳೆ.

ಮಧ್ಯಾಹ್ನ ನಾವು ಊಟಕ್ಕೆ ಕೂತಾಗ ಹಟ್ಟಿಯಲ್ಲಿ ಕಾಲು ಕೆರೆಯುವ ಸದ್ದು. ಹೋಗಿ ನೋಡಿದರೆ ಗೌರಿ ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿತ್ತು. ಮೈಯೆಲ್ಲ ಬೆವರು. ಮಲಗಿತು, ಎದ್ದಿತು, ಮತ್ತೆ ಮಲಗಿ ಹೊರಳಿತು. ಅಪ್ಪಯ್ಯ ಜೀನು ಹೆಗಲಿಗೆ ಹಾಕಿಕೊಂಡು ಬಂದದ್ದು ಆಗಲೇ.

"ಎಂತ ಕೊಟ್ರಿ ಇದ್ಕೆ?"

ಹಟ್ಟಿಯ ಗೋಡೆಗೆ ಒರಗಿಸಿಟ್ಟಿದ್ದ ತಟ್ಟೆಗಳನ್ನು ಅಪ್ಪಯ್ಯ ನೋಡಿದರು. ಮತ್ತೆ ಕೇಳಲಿಲ್ಲ.

ದನದ ಡಾಕ್ಟರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಫೋನಿನಲ್ಲಿ, ಮಲಗಲು ಬಿಡಬೇಡಿ, ನಡೆಸುತ್ತಾ ಇರಿ, ನಾನು ಹೊರಟೆ ಅಂದರು. ಅಪ್ಪಯ್ಯ ಹಗ್ಗ ಹಿಡಿದು ಹೊಯಿಗೆಗೆ ಇಳಿಸಿದರು. ಬೇಸಿಗೆಯಲ್ಲಿ ಮಕ್ಕಳನ್ನು ಕೂರಿಸಿ ನಡೆಸಿದ ದಾರಿಯಲ್ಲೇ ಹೋಗಿ ಬಂದರು. ನಾನು ಹಿಂದಿನಿಂದ ತಳ್ಳುತ್ತಿದ್ದೆ. ಅಮ್ಮ ಪಕ್ಕದಲ್ಲೇ ನಡೆದಳು, ಅವಳ ಕೈಯಲ್ಲಿ ಇನ್ನೂ ಶೇಡಿ ಮೆತ್ತಿಕೊಂಡಿತ್ತು. ಹೊತ್ತು ಇಳಿಯುವಾಗ ಗೌರಿ ಮುಂಗಾಲು ಮಡಚಿ ಕೂತುಬಿಟ್ಟಿತು. ಹೊಟ್ಟೆ ಉಬ್ಬಿ, ಅಮ್ಮ ಒತ್ತಿದ ಬಿಳಿ ಬಳೆಗಳು ಹಿಗ್ಗಿ ಬಿರುಕುಬಿಟ್ಟಿದ್ದವು. ಅಪ್ಪಯ್ಯ ನೋವಿನ ಭುಜ ಅದರ ಎದೆಯಡಿಗೆ ಕೊಟ್ಟು ಎತ್ತಲು ನೋಡಿದರು.

"ಏಳ್ ಹೆಣೆ. ನಾಳಿಂದ ಜನ ಬತ್ರ್. ಏಳ್."

ಗದ್ದೆಗಳ ಕಡೆಯಿಂದ, ಪಾಡ್ಯದ ಸಂಜೆ ದೀಪವಿಟ್ಟು ಬಲೀಂದ್ರನನ್ನು, ಅಂದರೆ ಬಲಿ ಚಕ್ರವರ್ತಿಯನ್ನು, ಕರೆಯುವ ಕೂಗು ಕೇಳುವ ಹೊತ್ತಿಗೆ ಗೌರಿಯ ಉಸಿರು ನಿಂತಿತ್ತು. ಡಾಕ್ಟರು ಆಮೇಲೆ ಬಂದರು. ಗಾಳಿಮರಗಳ ಹಿಂದೆ ಗುಂಡಿ ತೋಡಿ, ಹೂವಿನ ಮಾಲೆಯ ಸಮೇತ ಮುಚ್ಚಿದರು. ಗುಂಡಿ ತೋಡಿದ್ದು ತಟ್ಟೆ ತಂದಿದ್ದ ಮನೆಗಳ ಗಂಡಸರೇ. ಮಾರನೆಯ ದಿನ ಎರಡು ಬಸ್ಸು ತುಂಬ ಜನ ಕಡಲಿಗೆ ಬಂದಿಳಿದರು.

ತಿಂಗಳೊಳಗೆ ಅಪ್ಪಯ್ಯ ಮುಂಬೈಗೆ ಹೋದರು, ಒಂದು ಹೋಟೆಲಿನ ಗಲ್ಲಾದಲ್ಲಿ ಕೂರಲು. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟೆ. ಎಷ್ಟೋ ವರ್ಷದ ಮೇಲೆ ಹೊರಗಿನಿಂದ ಹತ್ತನೆಯದರ ಪರೀಕ್ಷೆ ಕಟ್ಟಿದಾಗ ಮೀಸೆ ಬಂದಿತ್ತು. ಗೌರಿ ಇದ್ದಿದ್ದರೆ ಇದೆಲ್ಲ ಬೇರೆ ಆಗುತ್ತಿತ್ತೇ, ಗೊತ್ತಿಲ್ಲ. ಅಪ್ಪಯ್ಯ ರಜೆಗೆ ಬಂದಾಗ ಒಮ್ಮೆಯೂ ಆ ಮಾತೆತ್ತಲಿಲ್ಲ. ಕೇರಿಯವರೂ ಎತ್ತಲಿಲ್ಲ. ಒಬ್ಬೊಬ್ಬರೂ ತಮ್ಮ ತಟ್ಟೆಯಿಂದಲೇ ಆದದ್ದೆಂದು ಒಳಗೊಳಗೇ ತಿಳಿದುಕೊಂಡಿದ್ದರು ಅಂತ ಕಾಣುತ್ತದೆ. ಮುಂದಿನ ಪಾಡ್ಯಕ್ಕೆ ನಮ್ಮ ಅಂಗಳಕ್ಕೆ ಯಾರೂ ಬರಲಿಲ್ಲ.

ಈಗ ರಸ್ತೆ ಅಗಲವಾಗಿದೆ. ಹೊಯಿಗೆಯ ಮೇಲೆ ದಪ್ಪ ಚಕ್ರದ ಬೈಕುಗಳು ಮಕ್ಕಳನ್ನು ಕೂರಿಸಿಕೊಂಡು ಓಡುತ್ತವೆ, ಮಳೆಗಾಲದಲ್ಲಿ ಅವುಗಳಿಗೆ ಟಾರ್ಪಾಲು ಹೊದಿಸಿದರೆ ಸಾಕು. ನಮ್ಮ ಹಟ್ಟಿಯಲ್ಲಿ ನನ್ನ ಸ್ಕೂಟರ್ ನಿಲ್ಲುತ್ತದೆ. ಕೇರಿಯಲ್ಲಿ ಕಡುಬು ಮಾಡುವವರೂ ಕಡಿಮೆ, ಮಾಡಿದರೂ ತಮಗೆ ಬೇಕಾದಷ್ಟೇ. ಹಸಿದ ಪ್ರಾಣಿಯೊಂದಕ್ಕೆ ಅಂತ ಮನೆಮನೆಯಿಂದ ತಟ್ಟೆ ಹಿಡಿದು ಬಂದದ್ದನ್ನು ಆಮೇಲೆ ನಾನು ನೋಡಿಲ್ಲ. ಆ ತಟ್ಟೆಗಳೇ ಗೌರಿಯನ್ನು ಕೊಂದವು. ಆದರೂ ಹೇಳುತ್ತೇನೆ, ನೋಡಿಲ್ಲ.

ಅಮ್ಮ ಇಂದಿಗೂ ಮಳೆಗಾಲದಲ್ಲಿ ಹುರುಳಿ ಬೇಯಿಸಿ, ನೀರು ಬಸಿದು, ಸಾರು ಮಾಡುತ್ತಾಳೆ. ಕಾಳು ಪಾತ್ರೆಯಲ್ಲಿ ಉಳಿಯುತ್ತದೆ. ಪಲ್ಯ ಮಾಡಬಹುದಲ್ಲ ಅಂತ ನನ್ನ ಹೆಂಡತಿ ಕೇಳುತ್ತಾಳೆ. ಅಮ್ಮ ಮಾತ್ರ ಕಾಳು ಆರುವ ತನಕ ಪಾತ್ರೆಯನ್ನು ಹಿಂದಿನ ಬಾಗಿಲಿನ ಹತ್ತಿರ ಇಟ್ಟಿರುತ್ತಾಳೆ.